ಹೆಸರಿನಲ್ಲೇ ದರ್ಜಿ ಇರುವ ಶ್ನೈಡರ್‌ಗಳು

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪತ್ರಿಕೆಯಲ್ಲಿ ಓದುಗರೊಬ್ಬರ ಪತ್ರ ಬಂದಿತ್ತು. ಲಗ್ನಪತ್ರಿಕೆಗಳಲ್ಲಿ ಜನ ಹೆಸರಿನ ಜೊತೆ 'ಟೈಲರ್', 'ಡ್ರೈವರ್', 'ಮೇಸ್ತ್ರಿ' ಅಂತ ಹಾಕಿಸುವುದನ್ನು ಬಿಡಬೇಕು ಎಂದು ಅವರು ಬರೆದಿದ್ದರು. ಮಕ್ಕಳು ಓದಿ ಮುಂದೆ ಬಂದ ಮೇಲೂ ಕಸುಬನ್ನು ಹೆಸರಿಗೆ ಅಂಟಿಸಿಕೊಂಡಿರುವುದು ಹಿಂದುಳಿದವರ ಅಭ್ಯಾಸವಂತೆ. 'ಮುಂದುವರಿದ ದೇಶಗಳಲ್ಲಿ ಯಾರಾದರೂ ಹೀಗೆ ಮಾಡುತ್ತಾರಾ?' ಎಂದು ಕೊನೆಗೆ ಕೇಳಿದ್ದರು. ಮಾಡುತ್ತಾರೆ. ಅದನ್ನು ಹೇಳಲೇಬೇಕು ಅನ್ನಿಸಿ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಹಾಕಿ.

ನಾನು ಹಾಸನದ ಪೆನ್ಷನ್ ಮೊಹಲ್ಲಾದಲ್ಲಿ ಲೇಡೀಸ್ ಟೈಲರ್. ನಮ್ಮ ಬೀದಿಯಲ್ಲಿ ನನ್ನ ಹೆಸರು ಗೊತ್ತಿರುವವರು ಕಡಿಮೆ. ಎಲ್ಲರಿಗೂ ನಾನು ಟೈಲರಮ್ಮ. ನನ್ನ ಮಗಳು ನರ್ಸಿಂಗ್ ಮುಗಿಸಿ, ಜರ್ಮನಿಯಲ್ಲಿ ಕೆಲಸಕ್ಕೆ ಸೇರಬೇಕೆಂದು ಜರ್ಮನ್ ಕಲಿಯುತ್ತಿದ್ದಾಳೆ. ರಾತ್ರಿ ಊಟ ಆದ ಮೇಲೆ ನಾನು ಸೀರೆಗೆ ಫಾಲ್ ಹಚ್ಚುತ್ತಾ ಕೂರುತ್ತೇನೆ, ಅವಳು ಪಕ್ಕದಲ್ಲಿ ಪಾಠ ಗಟ್ಟಿಯಾಗಿ ಓದುತ್ತಾಳೆ. ಆ ಪಾಠಗಳಲ್ಲಿ ಶ್ನೈಡರ್ ಅನ್ನುವವರು ಮೇಲಿಂದ ಮೇಲೆ ಬರುತ್ತಿದ್ದರು. ಶ್ನೈಡರ್ ಬಸ್ಸು ಹತ್ತಿದರು, ಶ್ನೈಡರ್ ತರಕಾರಿ ತಂದರು. ಇದೇನು ಹೆಸರು ಎಂದು ಕೇಳಿದರೆ, 'ಅಮ್ಮಾ, ಅದು ನೀನೇ' ಅಂದಳು. ಶ್ನೈಡರ್ ಎಂದರೆ ಟೈಲರ್.

ಅಲ್ಲಿಂದ ನನಗೆ ಆ ಹೆಸರಿನ ಮೇಲೆ ಆಸೆ ಹುಟ್ಟಿತು. ಮಗಳು ಹುಡುಕಿ ಓದಿ ಹೇಳಿದಳು, ನಾನೂ ಸಿಕ್ಕಿದ್ದನ್ನೆಲ್ಲ ಓದಿದೆ.

ಜರ್ಮನಿಯಲ್ಲಿ ಅತಿ ಹೆಚ್ಚು ಜನ ಇಟ್ಟುಕೊಂಡಿರುವ ಅಡ್ಡಹೆಸರುಗಳಲ್ಲಿ ಮೊದಲನೆಯದು ಮ್ಯೂಲರ್, ಎರಡನೆಯದು ಶ್ಮಿಟ್, ಮೂರನೆಯದು ಶ್ನೈಡರ್. ಮ್ಯೂಲರ್ ಎಂದರೆ ಹಿಟ್ಟಿನ ಗಿರಣಿಯವನು. ಶ್ಮಿಟ್ ಎಂದರೆ ಕಮ್ಮಾರ. ಆಮೇಲೆ ಬರುವವನು ಫಿಶರ್, ಮೀನು ಹಿಡಿಯುವವನು. ವೇಬರ್ ಎಂದರೆ ನೇಕಾರ. ವಾಗ್ನರ್ ಎಂದರೆ ಗಾಡಿ ಮಾಡುವವನು. ಬೆಕರ್ ಎಂದರೆ ಬೇಕರಿಯವನು. ಶುಲ್ಟ್ಸ್ ಎಂದರೆ ನಮ್ಮ ಪಟೇಲರ ಹಾಗೆ ಊರಿನ ಕಂದಾಯ, ನ್ಯಾಯ ನೋಡಿಕೊಳ್ಳುತ್ತಿದ್ದವನು. ಮುಂದುವರಿದ ದೇಶದ ಟೆಲಿಫೋನ್ ಪುಸ್ತಕ ತೆರೆದರೆ ಸಂತೆಯ ದಿನ ಕಟ್ಟಿನಕೆರೆ ಮಾರ್ಕೆಟ್ಟಿಗೆ ಹೋದ ಹಾಗೆ ಎಲ್ಲ ಕಸುಬಿನವರೂ ಸಿಗುತ್ತಾರೆ. ಪತ್ರ ಬರೆದ ಓದುಗರು ಇದನ್ನು ದಯವಿಟ್ಟು ಗಮನಿಸಬೇಕು.

ಈ ಹೆಸರುಗಳು ಹುಟ್ಟಿದ್ದು ಸುಮಾರು 12ನೇ ಶತಮಾನದಿಂದ ಈಚೆಗೆ, ಮೊದಲು ಪಟ್ಟಣಗಳಲ್ಲಿ. ಅಲ್ಲಿಯವರೆಗೆ ಒಂದೇ ಹೆಸರು ಸಾಕಾಗಿತ್ತು. ಪಟ್ಟಣ ದೊಡ್ಡದಾದ ಹಾಗೆ ಒಂದೇ ಬೀದಿಯಲ್ಲಿ ಹತ್ತಾರು ಹಾನ್ಸ್, ಹತ್ತಾರು ಹೈನ್‌ರಿಚ್ ಆದರು. ತೆರಿಗೆ ಬರೆದುಕೊಳ್ಳುವ ಗುಮಾಸ್ತನಿಗೆ, ಮನೆ ಮಾರಾಟದ ಪತ್ರ ಮಾಡುವವನಿಗೆ ಯಾವ ಹಾನ್ಸ್ ಎಂದು ಗೊತ್ತಾಗಬೇಕಲ್ಲ. ದರ್ಜಿ ಹಾನ್ಸ್, ಕಮ್ಮಾರ ಹಾನ್ಸ್ ಎಂದು ಬರೆದುಕೊಂಡರು. ಮೊದಮೊದಲು ಮಗ ಬೇರೆ ಕೆಲಸ ಹಿಡಿದರೆ ಹೆಸರೂ ಬದಲಾಗುತ್ತಿತ್ತು. ನಿಧಾನವಾಗಿ ಅದು ಮನೆತನದ ಹೆಸರಾಗಿ ನಿಂತಿತು. ಹಳ್ಳಿಗಳಿಗೆ ಇದು ಬಂದದ್ದು ತಡವಾಗಿ. ಉತ್ತರದ ಕೆಲವು ಸೀಮೆಗಳಲ್ಲಿ 19ನೇ ಶತಮಾನದ ಶುರುವಿನಲ್ಲಿ ಸರ್ಕಾರ ಆಜ್ಞೆ ಮಾಡಿದ ಮೇಲೆಯೇ ಜನ ಖಾಯಂ ಅಡ್ಡಹೆಸರು ಇಟ್ಟುಕೊಂಡರು.

ಶ್ನೈಡನ್ ಅಂದರೆ ಆ ಭಾಷೆಯಲ್ಲಿ ಕತ್ತರಿಸುವುದು. ಹೆಸರಿಟ್ಟವರು ಹೊಲಿಗೆಯನ್ನು ಬಿಟ್ಟು ಕತ್ತರಿಯನ್ನು ಹಿಡಿದರು. ನಮ್ಮ ಕಸುಬಿನವರಿಗೆ ಇದರಲ್ಲಿ ಆಶ್ಚರ್ಯ ಇಲ್ಲ. ನಾನು ಕೆಲಸ ಕಲಿತ ಮಾಸ್ಟರ್ ಮೊದಲು ಕಾಜಾ ಹಾಕಿಸಿದರು, ಗುಂಡಿ ಹೊಲಿಸಿದರು, ಹೆಮ್ಮಿಂಗ್ ಮಾಡಿಸಿದರು, ಆಮೇಲೆ ಮೆಷಿನ್ ಮೇಲೆ ಕೂರಿಸಿದರು. ಕತ್ತರಿಯನ್ನು ಮಾತ್ರ ಬಹಳ ಕಾಲ ಮುಟ್ಟಲು ಬಿಡಲಿಲ್ಲ. ಸೀರೆಯ ಜೊತೆ ಬರುವ ಬ್ಲೌಸ್ ಪೀಸು ಸಾಮಾನ್ಯವಾಗಿ 80 ಸೆಂಟಿಮೀಟರ್. ಬೆನ್ನು, ಮುಂಭಾಗ, ಎರಡು ತೋಳು, ಹುಕ್ ಪಟ್ಟಿ, ಕುತ್ತಿಗೆಗೆ ಪೈಪಿಂಗ್, ಎಲ್ಲ ಅಷ್ಟರಲ್ಲೇ ಬರಬೇಕು. ಜರಿ ಅಂಚು ಎರಡೂ ತೋಳಿಗೆ ಸಮವಾಗಿ ಕೂರಬೇಕು. ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕಬಹುದು. ಕಂಕುಳಿನ ಸುತ್ತು ಅರ್ಧ ಇಂಚು ಒಳಗೆ ಕತ್ತರಿಸಿದರೆ ಆ ಬಟ್ಟೆ ಹೋಯಿತು, ಅದರ ಜೊತೆ ಮದುವೆ ಸೀರೆಯ ಕಥೆಯೂ ಮುಗಿಯಿತು. ಅದಕ್ಕೇ ಗಾರ್ಮೆಂಟ್ಸ್‌ನಲ್ಲೂ ಕಟಿಂಗ್ ಮಾಸ್ಟರಿಗೆ ಬೇರೆಯೇ ಮರ್ಯಾದೆ.

ಜರ್ಮನಿಯ ಉತ್ತರಕ್ಕೆ ಹೋದರೆ ಶ್ನೈಡರ್‌ಗಳು ಕಡಿಮೆಯಾಗಿ ಶ್ರೋಡರ್‌ಗಳು ಜಾಸ್ತಿಯಾಗುತ್ತಾರೆ. ಅಲ್ಲಿನ ಆಡುಮಾತಿನಲ್ಲಿ ಅದೂ ಕತ್ತರಿಸುವವನೇ. ಕೆಲವು ಕಡೆ ಶ್ರೋಡರ್, ಶ್ರೋಟರ್ ಎಂದರೆ ವೈನ್, ಬಿಯರಿನ ಪೀಪಾಯಿ ಉರುಳಿಸಿಕೊಂಡು ಸಾಗಿಸುವವನೂ ಹೌದು, ಹಾಗಾಗಿ ಎಲ್ಲ ಶ್ರೋಡರ್‌ಗಳೂ ನಮ್ಮವರಲ್ಲ. ಅಮೆರಿಕಕ್ಕೆ ಹೋದ ಎಷ್ಟೋ ಶ್ನೈಡರ್‌ಗಳು ಸ್ನೈಡರ್ ಆದರು. ಹಂಗರಿಯಲ್ಲಿ ಸಾಬೋ, ಚೆಕ್ ಜನರಲ್ಲಿ ಕ್ರೇಚಿ, ಇಟಲಿಯಲ್ಲಿ ಸಾರ್ಟೋರಿ, ಎಲ್ಲ ದರ್ಜಿಗಳೇ. ಗುಜರಾತಿನಲ್ಲಿ ದರ್ಜಿ ಅನ್ನುವುದೇ ಅಡ್ಡಹೆಸರು. ಇಂಗ್ಲಿಷರ ಟೇಲರ್ ಬಗ್ಗೆ ಹೇಳಬೇಕಾಗಿಯೇ ಇಲ್ಲ.

ಕಸುಬಿನ ಹೆಸರು ಬೇಡ ಎನ್ನುವವರು ಜರ್ಮನಿಯಲ್ಲೂ ಇದ್ದರು. 16ನೇ ಶತಮಾನದಲ್ಲಿ ಓದಿದವರಿಗೆ ಹೆಸರನ್ನು ಲ್ಯಾಟಿನ್ ಮಾಡಿಕೊಳ್ಳುವ ಹುಚ್ಚು ಹಿಡಿಯಿತು. ಶ್ಮಿಟ್ ಹೋಗಿ ಫಾಬರ್ ಆಯಿತು. ಗಿರಣಿಯ ಮ್ಯೂಲರ್ ಮಾಲಿಟರ್ ಆದ. ನೇಕಾರ ಟೆಕ್ಸ್‌ಟರ್ ಆದ. ಶ್ನೈಡರ್ ಸಾರ್ಟೋರಿಯಸ್ ಆದ. ಏನು ಬಂತು? ಲ್ಯಾಟಿನ್ನಿನಲ್ಲೂ ಅದು ದರ್ಜಿಯೇ. ನನ್ನ ಮಗಳು ಅನಾಟಮಿ ಪುಸ್ತಕ ತಂದು ತೋರಿಸಿದಳು. ಸೊಂಟದ ಮೂಳೆಯಿಂದ ಶುರುವಾಗಿ ತೊಡೆಯ ಮೇಲೆ ಓರೆಯಾಗಿ ಇಳಿದು ಮಂಡಿಯ ಒಳಭಾಗಕ್ಕೆ ಸೇರುವ ಒಂದು ಸ್ನಾಯು ಇದೆ. ಮನುಷ್ಯನ ಮೈಯಲ್ಲಿ ಅತಿ ಉದ್ದದ ಸ್ನಾಯು ಅದೇ. ಅದರ ಹೆಸರು ಸಾರ್ಟೋರಿಯಸ್. ದರ್ಜಿಗಳು ಚಕ್ಕಳಮಕ್ಕಳ ಹಾಕಿ ಕೂರುವಾಗ ಕಾಲು ಮಡಚುವುದು ಅದರಿಂದ ಎಂದು ಹಾಗೆ ಹೆಸರಿಟ್ಟರಂತೆ. ವೈದ್ಯರಾಗುವವರೆಲ್ಲ ನಮ್ಮ ಹೆಸರು ಓದಿಯೇ ಪಾಸಾಗಬೇಕು. ಗಾಟಿಂಗನ್ ಪಟ್ಟಣದಲ್ಲಿ ಫ್ಲೋರೆನ್ಸ್ ಸಾರ್ಟೋರಿಯಸ್ ಎಂಬವರು 1870ರಲ್ಲಿ ಒಂದು ಸಣ್ಣ ಕಾರ್ಖಾನೆ ಹಾಕಿ, ಪ್ರಯೋಗಾಲಯದ ಸೂಕ್ಷ್ಮ ತಕ್ಕಡಿಗಳನ್ನು ಮಾಡಿದರು. ಆ ಹೆಸರಿನ ಕಂಪನಿ ಇವತ್ತೂ ಜಗತ್ತಿನ ಪ್ರಯೋಗಾಲಯಗಳಿಗೆ ತಕ್ಕಡಿ ಕಳಿಸುತ್ತದೆ.

ಹಾಗೆಂದು ಅಲ್ಲಿ ದರ್ಜಿಗಳನ್ನು ತಲೆಯ ಮೇಲೆ ಕೂರಿಸಿಕೊಂಡಿದ್ದರು ಅಂತ ನಾನು ಹೇಳುವುದಿಲ್ಲ. ಬಹಳ ಹೀಯಾಳಿಸಿದ್ದಾರೆ. ಹಗಲೆಲ್ಲ ಮನೆಯೊಳಗೆ ಕೂತು ಕೆಲಸ, ಮೈಕೈ ಸಣ್ಣ, ಕೂಲಿ ಕಡಿಮೆ. ದರ್ಜಿಯ ಹಿಂದೆ ಹುಡುಗರು ಆಡಿನ ಹಾಗೆ ಮೇ ಮೇ ಎಂದು ಕೂಗುತ್ತಿದ್ದರು. ಸ್ಕಾಟ್ ಎಂಬ ಇಸ್ಪೀಟಾಟ ಅಲ್ಲಿ ಮನೆಮನೆಯಲ್ಲಿ ಆಡುತ್ತಾರೆ, ಒಟ್ಟು 120 ಅಂಕದ ಆಟ. ಅದರಲ್ಲಿ 30ರ ಹತ್ತಿರಕ್ಕೇ ನಿಂತು ಸೋತವನಿಗೆ 'ಶ್ನೈಡರ್' ಎನ್ನುತ್ತಾರೆ. ಅಷ್ಟು ಹಗುರ, ದರ್ಜಿಯ ತೂಕ ಎಂಬ ಅರ್ಥದಲ್ಲಿ. ಕಷ್ಟದಿಂದ ಪಾರಾದವನನ್ನು 'ಶ್ನೈಡರಿನಿಂದ ಹೊರಗೆ ಬಂದ' ಎಂದು ಇವತ್ತೂ ಹೇಳುತ್ತಾರೆ. ನನಗೆ ಇಷ್ಟವಾಗಿದ್ದು ಒಂದು ಮೀನಿನ ವಿಷಯ. ಅಲ್ಲಿನ ಹೊಳೆಗಳಲ್ಲಿ ಶ್ನೈಡರ್ ಎಂಬ ಸಣ್ಣ ಮೀನಿದೆ. ಅದರ ಪಕ್ಕೆಯ ಉದ್ದಕ್ಕೂ ಎರಡು ಸಾಲು ಕಪ್ಪು ಚುಕ್ಕಿ, ಥೇಟ್ ಕೈಹೊಲಿಗೆ ಹಾಕಿದ ಹಾಗೆ. ಹೆಸರಿಟ್ಟವನು ಯಾರೋ, ಒಳ್ಳೆಯ ಹೊಲಿಗೆಯನ್ನು ಹತ್ತಿರದಿಂದ ನೋಡಿದ್ದವನು.

ಇಷ್ಟು ಹೀಯಾಳಿಸಿದರೂ ಲಕ್ಷಾಂತರ ಜನ ಆ ಹೆಸರನ್ನು ಬಿಡಲಿಲ್ಲ. ಇದು ನನಗೆ ದೊಡ್ಡ ವಿಷಯವಾಗಿ ಕಾಣುತ್ತದೆ.

ಈಗ ನಮ್ಮ ಕಡೆಯ ಮಾತು. ಇಲ್ಲಿ ಕಸುಬಿನ ಹೆಸರು ಎಂದರೆ ಜಾತಿಯ ಹೆಸರು, ಅದಕ್ಕೇ ಜನ ಮುಚ್ಚಿಡುತ್ತಾರೆ ಎಂದು ಯಾರಾದರೂ ಹೇಳಬಹುದು. ಅದು ನಿಜ. ಉತ್ತರ ಕರ್ನಾಟಕದಲ್ಲಿ ಸಿಂಪಿ, ಬಡಿಗೇರ, ಪತ್ತಾರ, ಕುಂಬಾರ, ಹೂಗಾರ ಎಂದು ರಾಜಾರೋಷವಾಗಿ ಹೆಸರಿನ ಕೊನೆಗೆ ಬರೆಯುತ್ತಾರೆ. ಕಂಬಾರ ಅನ್ನುವ ಹೆಸರಿಗೆ ಜ್ಞಾನಪೀಠವೇ ಬಂದಿದೆ. ನಮ್ಮ ಹಾಸನದ ಕಡೆ ಊರಿನ ಹೆಸರಿನದೊಂದು ಅಕ್ಷರ, ಅಪ್ಪನ ಹೆಸರಿನದೊಂದು ಅಕ್ಷರ, ಅಲ್ಲಿಗೆ ಮುಗಿಯಿತು. ಹೆಸರು ಕೇಳಿ ಜಾತಿ ಲೆಕ್ಕ ಹಾಕುವವರು ಇರುವ ತನಕ ಈ ಹಿಂಜರಿಕೆ ಇರುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ 'ಟೈಲರ್' ಬೇರೆ. ಅದು ಯಾವ ಜಾತಿಯದೂ ಅಲ್ಲ. ನನಗೆ ಕೆಲಸ ಕಲಿಸಿದ ಮಾಸ್ಟರ್ ಮುಸ್ಲಿಮರು. ನನ್ನ ಜೊತೆ ಕಲಿತವರಲ್ಲಿ ಒಕ್ಕಲಿಗರಿದ್ದರು, ಲಿಂಗಾಯತರಿದ್ದರು, ದಲಿತರಿದ್ದರು, ಕ್ರಿಶ್ಚಿಯನ್ನರಿದ್ದರು. ನಮ್ಮಲ್ಲಿ ಯಾರೂ ಹುಟ್ಟಿನಿಂದ ದರ್ಜಿಗಳಲ್ಲ. ಕತ್ತರಿ ಹಿಡಿದು ಟೈಲರ್ ಆದವರು. ಹುಟ್ಟಿನಿಂದ ಬಂದ ಹೆಸರನ್ನು ಬೇಕಿದ್ದರೆ ಬಿಡಲಿ, ದುಡಿದು ಸಂಪಾದಿಸಿದ್ದನ್ನು ಯಾಕೆ ಬಿಡಬೇಕು?

ಜರ್ಮನ್ ಮಾತಾಡುವ ನಾಡುಗಳಲ್ಲಿ ಹೆಸರು ಒಂದು ಕಡೆ, ಕೆಲಸ ಒಂದು ಕಡೆ ಆಗಿ ಶತಮಾನಗಳೇ ಕಳೆದವು. ಸ್ವಿಟ್ಜರ್ಲೆಂಡಿನ ಎಲ್ಮ್ ಎಂಬ ಬೆಟ್ಟದ ಹಳ್ಳಿಯಲ್ಲಿ ವ್ರೇನಿ ಶ್ನೈಡರ್ ಎಂಬ ಹುಡುಗಿ ಹುಟ್ಟಿದಳು. ಅವಳ ಅಪ್ಪ ಚಪ್ಪಲಿ, ಬೂಟು ಹೊಲಿಯುವವರು. ಹೆಸರು ದರ್ಜಿ, ಕೆಲಸ ಚಮ್ಮಾರಿಕೆ, ಮಗಳು ಹಿಮದ ಮೇಲೆ ಸ್ಕೀ ಓಡಿಸುವವಳು. 1988ರ ಕ್ಯಾಲ್ಗರಿ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ, 1994ರ ಲಿಲ್ಲೆಹ್ಯಾಮರ್‌ನಲ್ಲಿ ಇನ್ನೊಂದು ಚಿನ್ನ ಗೆದ್ದರು. ವಿಶ್ವಕಪ್ ಸ್ಪರ್ಧೆಗಳಲ್ಲಿ ಒಟ್ಟು 55 ಗೆಲುವು. ಥಿಯೊಡೋರ್ ಶ್ನೈಡರ್ ಎಂಬ ಗಣಿತದವರಿದ್ದರು. ಹಿಲ್ಬರ್ಟ್ ಎಂಬ ದೊಡ್ಡ ಗಣಿತಜ್ಞರು 1900ರಲ್ಲಿ ಜಗತ್ತಿನ ಮುಂದೆ ಇಟ್ಟ ಕಷ್ಟದ ಪ್ರಶ್ನೆಗಳಲ್ಲಿ ಏಳನೆಯದನ್ನು ಇವರು 1934ರಲ್ಲಿ, ಇನ್ನೂ ಹುಡುಗನಾಗಿದ್ದಾಗಲೇ ಬಿಡಿಸಿದರು. ಅದೇ ವರ್ಷ ರಷ್ಯಾದಲ್ಲಿ ಗೆಲ್‌ಫಾಂಡ್ ಕೂಡ ತಮ್ಮ ದಾರಿಯಲ್ಲಿ ಬಿಡಿಸಿದ್ದರಿಂದ ಇಬ್ಬರ ಹೆಸರೂ ಆ ಪ್ರಮೇಯಕ್ಕೆ ಸೇರಿಕೊಂಡಿದೆ. ಗೇರ್‌ಹಾರ್ಡ್ ಶ್ರೋಡರ್ ಅವರ ಅಪ್ಪ ಯುದ್ಧದಲ್ಲಿ ಸತ್ತರು, ಅಮ್ಮ ಮನೆಗಳಲ್ಲಿ ಕಸ ಗುಡಿಸಿ ನೆಲ ಒರೆಸಿ ಮಕ್ಕಳನ್ನು ಸಾಕಿದರು. ಮಗ ಅಂಗಡಿಯಲ್ಲಿ ಕೆಲಸ ಮಾಡುತ್ತಾ ಸಂಜೆ ಶಾಲೆಯಲ್ಲಿ ಓದಿ ವಕೀಲರಾದರು, 1998ರಿಂದ 2005ರವರೆಗೆ ಜರ್ಮನಿಯ ಚಾನ್ಸೆಲರ್, ಅಂದರೆ ನಮ್ಮ ಪ್ರಧಾನಿಯ ಹಾಗೆ, ಆಗಿದ್ದರು.

ಕನ್ನಡಿಗರಿಗೆ ಎಲ್ಲರಿಗಿಂತ ಹತ್ತಿರದ ಹೆಸರು ಇನ್ನೊಂದಿದೆ, ಅದೂ ನಮ್ಮ ಅಂಗಡಿಯದೇ. ಮಗಳಿಗೆ ಆಸ್ಪತ್ರೆಯ ಪಾಠದಲ್ಲಿ 'ಕಿಟೆಲ್' ಎಂಬ ಪದ ಬಂತು. ಡಾಕ್ಟರು, ನರ್ಸುಗಳು ಬಟ್ಟೆಯ ಮೇಲೆ ಹಾಕಿಕೊಳ್ಳುವ ಬಿಳಿ ಕೋಟು. ಹಿಂದೆ ರೈತರು, ಕೂಲಿಯವರು ತೊಡುತ್ತಿದ್ದ ಸಡಿಲವಾದ ಮೇಲಂಗಿಗೂ ಅದೇ ಹೆಸರು. ಅಂಥ ಅಂಗಿ ಹೊಲಿಯುತ್ತಿದ್ದವನಿಗೋ, ಸದಾ ಅದನ್ನೇ ತೊಡುತ್ತಿದ್ದವನಿಗೋ ಕಿಟೆಲ್ ಎಂಬ ಅಡ್ಡಹೆಸರು ಅಂಟಿಕೊಂಡಿತು. ಫರ್ಡಿನಾಂಡ್ ಕಿಟೆಲ್ 1832ರಲ್ಲಿ ಹುಟ್ಟಿ, 1853ರಲ್ಲಿ ಬಾಸೆಲ್ ಮಿಶನ್ನಿನಿಂದ ನಮ್ಮ ನಾಡಿಗೆ ಬಂದರು. 1894ರಲ್ಲಿ ಅವರ ಕನ್ನಡ ನಿಘಂಟು ಅಚ್ಚಾಯಿತು, ಸುಮಾರು 70,000 ಪದ. ಬಡಗಿ, ಕಮ್ಮಾರ, ದರ್ಜಿ ದಿನಾ ಆಡುವ ಪದಗಳನ್ನೂ ಹಳೆಗನ್ನಡದ ಪದಗಳ ಪಕ್ಕದಲ್ಲೇ ಕೂರಿಸಿದರು. ಕೂಲಿಯವನ ಮೇಲಂಗಿಯ ಹೆಸರು ಹೊತ್ತವರ ಪ್ರತಿಮೆ ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿದೆ. ಆ ಹೆಸರಿಗೆ ಯಾರೂ ಮೂಗು ಮುರಿದದ್ದನ್ನು ನಾನು ಕೇಳಿಲ್ಲ.

ಶ್ನೈಡರ್ ಹೆಸರಿನಲ್ಲಿ ಎಲ್ಲರೂ ಬಡವರು, ಎಲ್ಲರೂ ಒಳ್ಳೆಯವರು ಎಂದೇನೂ ಅಲ್ಲ. ನಮ್ಮಲ್ಲಿ ಕರೆಂಟಿನ ಕೆಲಸ ಮಾಡುವವರಿಗೆಲ್ಲ ಈ ಹೆಸರು ಗೊತ್ತು, ಕರೆಂಟು ಹೆಚ್ಚಾದರೆ ತಾನೇ ಆಫ್ ಆಗುವ ಎಂಸಿಬಿ ಸ್ವಿಚ್ಚಿನ ಮೇಲೆ ಬರೆದಿರುತ್ತದೆ. ತೋಟಕ್ಕೆ ನೀರು ಬಿಡುವ ಬೋರ್‌ವೆಲ್ ಮೋಟಾರಿಗೆ ನಮ್ಮ ರೈತರು ಹಾಕುತ್ತಿದ್ದ ಎಲ್ ಅಂಡ್ ಟಿ ಸ್ಟಾರ್ಟರ್ ಇದೆಯಲ್ಲ, ಅದನ್ನು ಮಾಡುವ ವಿಭಾಗವೂ 2020ರಲ್ಲಿ ಶ್ನೈಡರ್ ಎಲೆಕ್ಟ್ರಿಕ್ ಕಡೆಗೆ ಹೋಯಿತು. ಕಂಪನಿ ಫ್ರಾನ್ಸಿನದು, ಹೆಸರು ಜರ್ಮನ್. ಎರಡು ನುಡಿಗಳ ಗಡಿಯಲ್ಲಿರುವ ಲೊರೇನ್ ಸೀಮೆಯ ಅಡಾಲ್ಫ್ ಮತ್ತು ಯೂಜೀನ್ ಶ್ನೈಡರ್ ಎಂಬ ಅಣ್ಣತಮ್ಮಂದಿರು 1836ರಲ್ಲಿ ಲೆ ಕ್ರೂಸೋ ಎಂಬ ಊರಿನ ಕಬ್ಬಿಣದ ಕಾರ್ಖಾನೆ ಕೊಂಡರು. 1838ರಲ್ಲಿ ಅಲ್ಲಿಂದ ರೈಲು ಎಂಜಿನ್ ಹೊರಬಂತು. ಕಬ್ಬಿಣ, ಹಳಿ, ಆಮೇಲೆ ಫಿರಂಗಿ. ಯೂಜೀನ್ ಫ್ರಾನ್ಸಿನ ಶಾಸನಸಭೆಯ ಅಧ್ಯಕ್ಷನೂ ಆದ. 1870ರಲ್ಲಿ ಅವನ ಕಾರ್ಖಾನೆಯ ಕೆಲಸಗಾರರು ಮುಷ್ಕರ ಹೂಡಿದಾಗ ಊರಿಗೆ ಸೈನ್ಯ ಬಂತು.

ಅದೇ ಕಸುಬಿನ ಹೆಸರು ಹೊತ್ತ ಇನ್ನೊಬ್ಬರ ಬಗ್ಗೆ ಹೇಳುತ್ತೇನೆ. ನನಗೆ ಇವರೆಲ್ಲರಲ್ಲಿ ಹೆಚ್ಚು ಬೇಕಾದವರು ಈ ಹೆಂಗಸು. ರೋಸ್ ಶ್ನೈಡರ್‌ಮನ್. ಪೂರ್ವ ಯೂರೋಪಿನ ಯಹೂದಿಗಳು ಮನೆಯಲ್ಲಿ ಆಡುತ್ತಿದ್ದ ಯಿಡ್ಡಿಷ್ ಭಾಷೆ ಜರ್ಮನ್ನಿಗೆ ಹತ್ತಿರದ್ದು, ಅದರಿಂದ ಈ ಹೆಸರು. ಅವರಲ್ಲಿ ಖಾಯಂ ಅಡ್ಡಹೆಸರು ಬಂದದ್ದು ಬಹಳ ಈಚೆಗೆ. ಆಸ್ಟ್ರಿಯಾದ ದೊರೆ ಎರಡನೇ ಜೋಸೆಫ್ 1787ರಲ್ಲಿ ತನ್ನ ರಾಜ್ಯದ ಯಹೂದಿಗಳೆಲ್ಲ ಜರ್ಮನ್ ಅಡ್ಡಹೆಸರು ಇಟ್ಟುಕೊಳ್ಳಬೇಕೆಂದು ಆಜ್ಞೆ ಮಾಡಿದ, ಬೇರೆ ರಾಜ್ಯಗಳೂ ಆಮೇಲೆ ಹಾಗೇ ಮಾಡಿದವು. ಹಾಗಾಗಿ ಅವರಲ್ಲಿ ಹೆಸರೂ ಕೆಲಸವೂ ಎಷ್ಟೋ ಕಡೆ ಇನ್ನೂ ಒಂದೇ ಆಗಿತ್ತು. ರೋಸ್ ಹುಟ್ಟಿದ್ದು 1882ರಲ್ಲಿ, ಆಗ ರಷ್ಯಾದ ಕೈಕೆಳಗಿದ್ದ ಪೋಲೆಂಡಿನಲ್ಲಿ. ಅಪ್ಪ ನಿಜವಾಗಿಯೂ ದರ್ಜಿ. 1890ರಲ್ಲಿ ನ್ಯೂಯಾರ್ಕಿಗೆ ಹೋದರು. ಎರಡೇ ವರ್ಷಕ್ಕೆ ಅಪ್ಪ ತೀರಿಕೊಂಡರು. ಬಸುರಿ ಅಮ್ಮ ಹೊಲಿಗೆ ಹಿಡಿದು ಮನೆ ನಡೆಸಿದರು, ಸಾಲದೆ ಬಂದಾಗ ಮಕ್ಕಳನ್ನು ಅನಾಥಾಶ್ರಮದಲ್ಲಿ ಬಿಡಬೇಕಾಯಿತು. ರೋಸ್ 13ನೇ ವಯಸ್ಸಿಗೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರು, ಆಮೇಲೆ ಟೋಪಿ ಕಾರ್ಖಾನೆಯಲ್ಲಿ ಲೈನಿಂಗ್ ಹೊಲಿಯಲು ಹೋದರು. ಜಾಸ್ತಿ ಸಂಬಳದ ಕೆಲಸ ಗಂಡಸರಿಗೆ, ಲೈನಿಂಗ್ ಹೆಂಗಸರಿಗೆ. ನಮ್ಮ ಕಡೆಯ ಕಥೆಯೇ ಅಲ್ವಾ ಇದು?

1903ರಲ್ಲಿ, ಅಂದರೆ ಸುಮಾರು 21ನೇ ವಯಸ್ಸಿನಲ್ಲಿ, ರೋಸ್ ತಮ್ಮ ಕಾರ್ಖಾನೆಯ ಹೆಂಗಸರನ್ನು ಟೋಪಿ ಕೆಲಸಗಾರರ ಸಂಘಕ್ಕೆ ಸೇರಿಸಿದರು. ಎತ್ತರ ಐದಡಿಗೂ ಕಡಿಮೆ, ಕೆಂಪು ಕೂದಲು. ಮಾತಿಗೆ ನಿಂತರೆ ಸಭೆ ಗಪ್‌ಚಿಪ್ ಆಗುತ್ತಿತ್ತಂತೆ. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಎಂಬ ರವಿಕೆ ಕಾರ್ಖಾನೆಗೆ ಬೆಂಕಿ ಬಿತ್ತು. ಕಾರ್ಖಾನೆ ಇದ್ದದ್ದು ಎಂಟು, ಒಂಬತ್ತು, ಹತ್ತನೇ ಮಹಡಿಯಲ್ಲಿ. ಹೊರಗೆ ಹೋಗುವ ಒಂದು ಬಾಗಿಲಿಗೆ ಬೀಗ ಹಾಕಿತ್ತು. 146 ಜನ ಸತ್ತರು, ಹೆಚ್ಚಿನವರು ಹರೆಯದ ಹೆಣ್ಣುಮಕ್ಕಳು. ಎಷ್ಟೋ ಜನ ಕಿಟಕಿಯಿಂದ ಹಾರಿ ಸತ್ತರು. ಎಂಟು ದಿನದ ಮೇಲೆ, ಏಪ್ರಿಲ್ 2ರಂದು, ದೊಡ್ಡವರೆಲ್ಲ ಸೇರಿದ್ದ ಸಭೆಯಲ್ಲಿ ರೋಸ್ ಮಾತಾಡಿದರು. ಇಲ್ಲಿ ನಿಂತು ಸ್ನೇಹದ ಮಾತಾಡಿದರೆ ಸುಟ್ಟುಹೋದವರಿಗೆ ದ್ರೋಹ ಮಾಡಿದ ಹಾಗೆ, ದುಡಿಯುವವರು ಒಟ್ಟಾಗಿ ನಿಂತು ತಮ್ಮನ್ನು ತಾವೇ ಉಳಿಸಿಕೊಳ್ಳಬೇಕು ಎಂದರು. ಮುಂದಿನ ವರ್ಷದ ಇನ್ನೊಂದು ಭಾಷಣದಲ್ಲಿ, ದುಡಿಯುವ ಹೆಂಗಸಿಗೆ ರೊಟ್ಟಿ ಬೇಕು, ಗುಲಾಬಿಯೂ ಬೇಕು ಎಂದರು. ಹೊಟ್ಟೆ ತುಂಬಿದರೆ ಸಾಲದು, ಚೆಂದವಾಗಿ ಬದುಕುವ ಹಕ್ಕೂ ಇದೆ ಎಂದು. ಮಹಿಳಾ ಕಾರ್ಮಿಕರ ಲೀಗಿಗೆ 1926ರಿಂದ 1950ರವರೆಗೆ ಅವರೇ ಅಧ್ಯಕ್ಷರು. ಹೆಂಗಸರಿಗೆ ವೋಟು ಕೊಡಿಸಲೂ ಓಡಾಡಿದರು.

ಇದನ್ನು ಓದಿದಾಗ ನನಗೆ ಬೆಳಗಿನ ಹೊತ್ತು ಸರ್ಕಲ್ಲುಗಳಲ್ಲಿ ಫ್ಯಾಕ್ಟರಿ ಬಸ್ಸಿಗೆ ಕಾಯುವ ನಮ್ಮ ಹುಡುಗಿಯರು ಕಣ್ಣಿಗೆ ಬಂದರು. ಹಾಸನದ ಕೈಗಾರಿಕಾ ಪ್ರದೇಶದ ಜವಳಿ, ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ಸುತ್ತಲಿನ ಹಳ್ಳಿಗಳಿಂದ ಬರುವವರು. ಕೈಯಲ್ಲಿ ಟಿಫನ್ ಬಾಕ್ಸು, ಕುತ್ತಿಗೆಯಲ್ಲಿ ಗುರುತಿನ ಚೀಟಿ. ಅವರಲ್ಲಿ ಕೆಲವರು ನನ್ನ ಹತ್ತಿರವೇ ಮೆಷಿನ್ ಕಲಿತು ಹೋದವರು. ನಾನು ಬ್ಲೌಸ್ ಪೂರ್ತಿ ಹೊಲಿಯುತ್ತೇನೆ, ಅವರು ದಿನವಿಡೀ ಒಂದೇ ಅಂಚು, ಒಂದೇ ಕಾಲರು ಹೊಲಿಯುತ್ತಾರೆ. ಅಷ್ಟೇ ವ್ಯತ್ಯಾಸ. ಅವರೂ ಟೈಲರ್‌ಗಳೇ. ಮನೆಗೆ ಬಂದವರು ಏನು ಮಾಡ್ತೀಯಮ್ಮಾ ಎಂದು ಕೇಳಿದರೆ 'ಸುಮ್ನೆ ಗಾರ್ಮೆಂಟ್ಸಿಗೆ ಹೋಗ್ತೀನಿ' ಅನ್ನುತ್ತಾರೆ. ಆ 'ಸುಮ್ನೆ' ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಕಸುಬಿನ ಹೆಸರು ಬೇಡ ಎಂದು ಪತ್ರಿಕೆಯಲ್ಲಿ ಬರೆಯುವವರು ಈ ಹುಡುಗಿಯರ ಆ ಮಾತಿಗೆ ಬಲ ಕೊಟ್ಟ ಹಾಗಾಗುತ್ತದೆ.

ಹೆಂಗಸರ ವಿಷಯದಲ್ಲಿ ಜರ್ಮನಿಯ ಹಳೆಯ ಕಾಲ ಏನೂ ಚೆನ್ನಾಗಿರಲಿಲ್ಲ. ದರ್ಜಿಗಳಿಗೆ ಊರೂರಲ್ಲಿ ಸಂಘ ಇರುತ್ತಿತ್ತು, ಸಂಘದಲ್ಲಿ ಮಾಸ್ಟರ್ ಎನ್ನಿಸಿಕೊಂಡವನೇ ಅಂಗಡಿ ಇಡಬೇಕು. ಹುಡುಗ ಮೊದಲು ಮಾಸ್ಟರ ಮನೆಯಲ್ಲಿ ಇದ್ದು ಕಲಿಯಬೇಕು, ಆಮೇಲೆ ಊರಿಂದೂರಿಗೆ ತಿರುಗಿ ಕೆಲಸ ಮಾಡಬೇಕು, ಕೊನೆಗೆ ಪರೀಕ್ಷೆಗೆ ಒಂದು ಬಟ್ಟೆ ಹೊಲಿದು ತೋರಿಸಬೇಕು. ಇದೆಲ್ಲ ಗಂಡಸರಿಗೆ. ಮಾಸ್ಟರ್ ಸತ್ತರೆ ವಿಧವೆ ಸ್ವಲ್ಪ ಕಾಲ ಅಂಗಡಿ ನಡೆಸಬಹುದಿತ್ತು. ಸಂಘಕ್ಕೆ ಸೇರದೆ ಅಟ್ಟದ ಮೇಲೆ ಕದ್ದು ಹೊಲಿಯುವವರಿಗೆ ಉತ್ತರದ ಕಡೆ 'ಅಟ್ಟದ ಮೊಲ' ಎಂಬ ಹೆಸರು. ಸಂಘದವರು ಮನೆ ನುಗ್ಗಿ ಹುಡುಕಿ ಬಟ್ಟೆ ಕಿತ್ತುಕೊಂಡು ಹೋಗುತ್ತಿದ್ದರು. ದಾಖಲೆಗಳಲ್ಲಿ ಮಾತ್ರ ಶ್ನೈಡರ್ ಮನೆಯ ಹೆಂಡತಿಯನ್ನೂ ಮಗಳನ್ನೂ 'ಶ್ನೈಡರಿನ್' ಎಂದು ಬರೆಯುತ್ತಿದ್ದರು. ಕಸುಬು ಕೊಡಲಿಲ್ಲ, ಹೆಸರು ಕೊಟ್ಟರು.

ಆದರೂ ಆ ಹೆಸರನ್ನು ಹೆಂಗಸರು ಎಲ್ಲಿಂದ ಎಲ್ಲಿಗೆ ಒಯ್ದರು ನೋಡಿ. ರೋಮಿ ಶ್ನೈಡರ್ ಎಂಬ ಹೆಸರಾಂತ ನಟಿ 1938ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದಾಗ ಅವರ ಅಡ್ಡಹೆಸರು ಆಲ್ಬಾಕ್, ಅದು ಅಪ್ಪನ ಕಡೆಯದು. ಅಮ್ಮ ಮಾಗ್ದಾ ಶ್ನೈಡರ್ ಕೂಡ ನಟಿ. ಸಿನಿಮಾಕ್ಕೆ ಬಂದಾಗ ಮಗಳು ಅಮ್ಮನ ಹೆಸರನ್ನೇ ಇಟ್ಟುಕೊಂಡಳು. ಯೂರೋಪ್ ಪೂರ್ತಿ ಆ ಹೆಸರಿನಿಂದಲೇ ಅವರನ್ನು ಗುರುತಿಸಿತು. ಲೂಯಿಸ್ ಶ್ರೋಡರ್ ಇನ್ನೊಬ್ಬರು. ಕೂಲಿ ಕೆಲಸ ಮಾಡುವವರ ಮನೆಯ ಹುಡುಗಿ. ಜರ್ಮನಿಯಲ್ಲಿ ಹೆಂಗಸರು ಮೊದಲ ಸಲ ವೋಟು ಹಾಕಿದ್ದು 1919ರಲ್ಲಿ, ಆ ಸಲವೇ ಇವರು ರಾಷ್ಟ್ರೀಯ ಸಭೆಗೆ ಆಯ್ಕೆಯಾದರು. ಯುದ್ಧ ಮುಗಿದ ಮೇಲೆ, 1947ರಲ್ಲಿ, ಬರ್ಲಿನ್ನಿಗೆ ಆಯ್ಕೆಯಾದ ಮೇಯರನ್ನು, ಯುದ್ಧ ಗೆದ್ದು ಊರನ್ನು ಹಂಚಿಕೊಂಡಿದ್ದವರಲ್ಲಿ ಸೋವಿಯತ್ತಿನವರು ಒಪ್ಪಲಿಲ್ಲ. ಒಡೆದು ಬಿದ್ದ ಆ ಪಟ್ಟಣವನ್ನು 1948ರ ಕೊನೆಯವರೆಗೆ ಹಂಗಾಮಿ ಮೇಯರಾಗಿ ನಡೆಸಿದ್ದು ಲೂಯಿಸ್. ರಸ್ತೆ, ರೈಲು ಎಲ್ಲ ಮುಚ್ಚಿ, ಊರಿಗೆ ವಿಮಾನದಲ್ಲಿ ಹಿಟ್ಟು, ಕಲ್ಲಿದ್ದಲು ಬರುತ್ತಿದ್ದ ದಿನಗಳೂ ಅದರಲ್ಲಿ ಸೇರಿದ್ದವು.

ಸಂಪಾದಕರೇ, ಈಗ ನಿಮ್ಮಲ್ಲಿ ಒಂದು ಕೋರಿಕೆ. ಎಲ್ಲ ಪತ್ರಿಕೆಗಳಿಗೂ ಇದು ಸೇರುತ್ತದೆ, ನಿಮಗೆ ಹೇಳುವ ಸಲಿಗೆ ಇದೆ ಎಂದು ಹೇಳುತ್ತಿದ್ದೇನೆ. ಜಿಲ್ಲಾ ಪುಟದಲ್ಲಿ ನಿಧನ ವಾರ್ತೆ ಬರುತ್ತದಲ್ಲ. ಗಂಡಸರಾದರೆ ನಿವೃತ್ತ ಶಿಕ್ಷಕ, ಕಾಫಿ ಬೆಳೆಗಾರ, ಗುತ್ತಿಗೆದಾರ ಎಂದು ಇರುತ್ತದೆ. ಹೆಂಗಸರಾದರೆ ಇಂಥವರ ಪತ್ನಿ, ಇಂಥವರ ತಾಯಿ, ಮೃತರಿಗೆ ಇಬ್ಬರು ಪುತ್ರರು ಇದ್ದಾರೆ, ಅಷ್ಟೇ. ಈ ವರ್ಷ ನನ್ನ ಸ್ನೇಹಿತೆಯೊಬ್ಬರು ತೀರಿಕೊಂಡರು. ನನಗಿಂತ ಹಿರಿಯ ಟೈಲರ್. ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳಲ್ಲಿ, ದೀಪಾವಳಿಯಲ್ಲಿ, ಅವರ ಅಂಗಡಿ ಮುಂದೆ ರಾತ್ರಿವರೆಗೆ ಜನ ಕಾಯುತ್ತಿದ್ದರು. ಎಂಥ ಮೈಕಟ್ಟಿಗೂ ಅಳತೆ ಬ್ಲೌಸ್ ಇಲ್ಲದೆ ಟೇಪು ಹಿಡಿದು ಕೂರಿಸಿ ಹೊಲಿದು ಕೊಡುತ್ತಿದ್ದರು. ಆ ದುಡಿಮೆಯಲ್ಲೇ ಇಬ್ಬರು ಮಕ್ಕಳನ್ನು ಎಂಜಿನಿಯರ್ ಮಾಡಿದರು. ಪತ್ರಿಕೆಯೊಂದರಲ್ಲಿ ಬಂದ ಎರಡು ಸಾಲಿನಲ್ಲಿ ಅವರು 'ಗೃಹಿಣಿ'. ಸುದ್ದಿ ಕೊಟ್ಟದ್ದು ಮನೆಯವರೇ ಇರಬಹುದು, ಟೈಲರ್ ಎಂದು ಹಾಕಿದರೆ ಚೆನ್ನಾಗಿರುವುದಿಲ್ಲ ಅಂದುಕೊಂಡಿರಬಹುದು.

ಹಾಗಾಗಿ ನಿಮ್ಮ ವರದಿಗಾರರಿಗೆ ಇಷ್ಟು ಹೇಳಿ. ಹೆಂಗಸು ತೀರಿಕೊಂಡ ಸುದ್ದಿ ಬಂದಾಗ, ಅವರು ಏನು ಕೆಲಸ ಮಾಡುತ್ತಿದ್ದರು ಎಂದು ಒಂದು ಮಾತು ಕೇಳಲಿ. ಟೈಲರ್, ಹೂ ಕಟ್ಟುವವರು, ಅಂಗನವಾಡಿ ಕಾರ್ಯಕರ್ತೆ, ಕಾಫಿ ತೋಟದ ಕೆಲಸದವರು, ಏನಿದೆಯೋ ಅದನ್ನು ಹೆಸರಿನ ಪಕ್ಕದಲ್ಲಿ ಅಚ್ಚು ಹಾಕಿ. ಅದಕ್ಕೆ ಒಂದು ಪದದ ಜಾಗ ಸಾಕು.

ಇಂತಿ,
ಟೈಲರಮ್ಮ
ಪೆನ್ಷನ್ ಮೊಹಲ್ಲಾ, ಹಾಸನ